ಅಬಿಲೀನ್‌ಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಈ ಊರಿನ ನೆಲ, ಗಾಳಿ, ಕಥೆ

ಕ್ಯಾನ್ಸಸ್‌ನ ಅಬಿಲೀನ್‌ಗೆ ಬಂದವರು ಮೊದಲ ವಾರ ಊರಿಗೆ ಫೋನ್ ಮಾಡಿ ಹೇಳುವುದು ಒಂದೇ ಮಾತು: "ಇಲ್ಲಿ ಏನೂ ಇಲ್ಲ." ಆರೂವರೆ ಸಾವಿರದಷ್ಟು ಜನ, ಸುತ್ತ ಬಯಲು, ಸರಿ. ಆದರೆ ಈ ಮಾತನ್ನು ಇಲ್ಲಿಯವರ ಎದುರು ಆಡಬೇಡಿ. ಊರಿನ ಕಥೆ ತಿಳಿದವರಿಗೆ ಅಕ್ಕಪಕ್ಕದವರು ಬೇಗ ಹತ್ತಿರವಾಗುತ್ತಾರೆ.

ಎಲ್ಲಿದ್ದೇವೆ

ದಕ್ಷಿಣಕ್ಕೆ ಸ್ಮೋಕಿ ಹಿಲ್ ನದಿ.
ಉತ್ತರದಲ್ಲಿ ಐ-70 ಹೆದ್ದಾರಿ.
ಪಶ್ಚಿಮಕ್ಕೆ ಸಲೈನಾ, 25 ಮೈಲಿ.
ಪೂರ್ವಕ್ಕೆ ಕ್ಯಾನ್ಸಸ್ ಸಿಟಿ, ಸುಮಾರು 150 ಮೈಲಿ.
ಊರೊಳಗೆ ಮಡ್ ಕ್ರೀಕ್ ಹರಿಯುತ್ತದೆ. ಮನೆ ಕೊಳ್ಳುವ ಮುಂಚೆ ಪ್ರವಾಹದ ನಕ್ಷೆ ನೋಡಿ.

ಊರು ಬೆಳೆದ ಬಗೆ

ಇದು ಕಾ ಎಂಬ ಮೂಲನಿವಾಸಿ ಜನರ ನಾಡು. ಕ್ಯಾನ್ಸಸ್ ಎಂಬ ಹೆಸರು ಬಂದದ್ದೇ ಅವರಿಂದ. 1873ರಲ್ಲಿ ಸರ್ಕಾರ ಅವರನ್ನು ಈಗಿನ ಒಕ್ಲಹೋಮಕ್ಕೆ ಕಳಿಸಿಬಿಟ್ಟಿತು. ಇದನ್ನು ಮಕ್ಕಳಿಗೂ ಹೇಳಿ.

1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿ ಟೆಕ್ಸಸ್‌ನಿಂದ ಬರುವ ದನಗಳನ್ನು ರೈಲಿಗೆ ಹತ್ತಿಸಲು ಇಲ್ಲಿ ಹಳಿಯ ಪಕ್ಕ ದೊಡ್ಡಿ ಕಟ್ಟಿಸಿದ. ಟೆಕ್ಸಸ್ ದನಗಳ ಮೈಮೇಲಿನ ಉಣ್ಣಿ ಹುಳುಗಳಿಂದ ಜ್ವರ ಹರಡಿ ಸ್ಥಳೀಯ ದನಗಳು ಸಾಯುತ್ತಿದ್ದವು. ಹಾಗಾಗಿ ಪೂರ್ವದ ರೈತರು ಅವುಗಳನ್ನು ಒಳಗೆ ಬಿಡುತ್ತಿರಲಿಲ್ಲ. ಇಲ್ಲಿ ಇನ್ನೂ ಹೆಚ್ಚು ಹೊಲಗಳಿರಲಿಲ್ಲ, ರೈಲು ಮಾತ್ರ ಬಂದಿತ್ತು. ಟೆಕ್ಸಸ್‌ನಿಂದ ಬರುವ ಚಿಸಮ್ ಎಂಬ ಹಾದಿಯಲ್ಲಿ ಲಕ್ಷಗಟ್ಟಲೆ ದನ ನಡೆದು ಬಂದವು. ಜೊತೆಗೆ ಹೆಂಡ, ಜೂಜು, ಬಂದೂಕು ಕೂಡ. 1871ರಲ್ಲಿ ಬಂದೂಕಿಗೆ ಹೆಸರಾದ ವೈಲ್ಡ್ ಬಿಲ್ ಹಿಕಾಕ್ ಇಲ್ಲಿ ಮಾರ್ಷಲ್, ಅಂದರೆ ಊರಿನ ಪೊಲೀಸ್ ಮುಖ್ಯಸ್ಥ, ಆಗಿದ್ದ. 1872ರಲ್ಲಿ ಊರವರೇ "ಇನ್ನು ದನ ತರಬೇಡಿ" ಎಂದರು. ಆಮೇಲೆ ಗೋಧಿಯ ಕಾಲ ಬಂತು. 1874ರಲ್ಲಿ ರಷ್ಯಾದಿಂದ ಕ್ಯಾನ್ಸಸ್‌ಗೆ ಬಂದ ಮೆನೊನೈಟ್ ಎಂಬ ಕ್ರೈಸ್ತ ಪಂಥದ ರೈತರು ಟರ್ಕಿ ರೆಡ್ ಎಂಬ ಚಳಿಗಾಲದ ಗೋಧಿ ತಂದರು. ಅವರೂ ನಮ್ಮ ಹಾಗೆ ದೂರದಿಂದ ಬಂದವರೇ, ಅಲ್ವಾ?

ಅಧ್ಯಕ್ಷ ಐಸೆನ್‌ಹೋವರ್ ಬೆಳೆದದ್ದು ಇಲ್ಲಿ, ಹಳಿಯ ದಕ್ಷಿಣದ ಒಂದು ಚಿಕ್ಕ ಮನೆಯಲ್ಲಿ. ಸಮಾಧಿಯೂ ಇಲ್ಲೇ. ಭಾರತಕ್ಕೆ ಬಂದ ಮೊದಲ ಅಮೆರಿಕನ್ ಅಧ್ಯಕ್ಷ ಇವರು, 1959ರ ಡಿಸೆಂಬರ್‌ನಲ್ಲಿ. ಪ್ರತಿ ಶನಿವಾರ ದಿನಸಿಗೆಂದು ಕ್ಯಾನ್ಸಸ್ ಸಿಟಿಗೆ ಓಡುವವರು, ಒಂದು ಶನಿವಾರ ಇಲ್ಲಿರುವ ಐಸೆನ್‌ಹೋವರ್ ಮ್ಯೂಸಿಯಂಗೆ ಮೀಸಲಿಡಿ.

ಸುಂಟರಗಾಳಿ: ಇದನ್ನು ಎರಡು ಸಲ ಓದಿ

ದಕ್ಷಿಣದ ಕೊಲ್ಲಿಯಿಂದ ಬರುವ ತೇವದ ಬಿಸಿಗಾಳಿ ಇದೇ ಬಯಲಿನ ಮೇಲೆ ಒಣ, ತಣ್ಣನೆಯ ಗಾಳಿಯನ್ನು ಎದುರಿಸುತ್ತದೆ. ಹಾಗಾಗಿ ಸುಂಟರಗಾಳಿ ಏಳುತ್ತದೆ, ಏಪ್ರಿಲ್‌ನಿಂದ ಜೂನ್‌ವರೆಗೆ ಜಾಸ್ತಿ. 2007ರ ಮೇ 4ರ ರಾತ್ರಿ ಇದೇ ರಾಜ್ಯದ ಗ್ರೀನ್ಸ್‌ಬರ್ಗ್ ಎಂಬ ಊರು ಸುಮಾರು 95% ನೆಲಸಮವಾಯಿತು. ಎಚ್ಚರಿಕೆ ಕೇಳಿ ನೆಲಮಾಳಿಗೆಗೆ ಇಳಿದದ್ದರಿಂದ ಬಹುಪಾಲು ಜನ ಉಳಿದರು.

ಫೋನಿನಲ್ಲಿ "ವಾಚ್" ಬಂದರೆ ಸಿದ್ಧವಾಗಿರಿ. "ವಾರ್ನಿಂಗ್" ಬಂದರೆ ಆ ಕ್ಷಣವೇ ಕೆಳಗಿಳಿಯಿರಿ. ಬೇಸ್‌ಮೆಂಟ್ ಇಲ್ಲದಿದ್ದರೆ ಕೆಳಮಹಡಿಯಲ್ಲಿ, ಕಿಟಕಿಯಿಲ್ಲದ ಒಳಗಿನ ಬಚ್ಚಲುಮನೆ. ಬಾಡಿಗೆ ಮನೆ ನೋಡುವಾಗ ಅಡುಗೆಮನೆಯ ಕಟ್ಟೆ ನೋಡುವ ಮೊದಲು ಇದನ್ನು ಕೇಳಿ.

ನಾವು ಚಪ್ಪಲಿಯನ್ನು ಮುಂಬಾಗಿಲಲ್ಲೇ ಬಿಡುವವರು. ಗಾಳಿ ಹೋದ ಮೇಲೆ ನೆಲದ ತುಂಬ ಗಾಜು, ಮೊಳೆ. ಮನೆಮಂದಿಗೆಲ್ಲ ಒಂದೊಂದು ಜೊತೆ ಹಳೆಯ ಶೂ, ಟಾರ್ಚ್, ನೀರು, ಪಾಸ್‌ಪೋರ್ಟ್‌ಗಳನ್ನು ಒಂದು ಚೀಲದಲ್ಲಿ ತುಂಬಿ ಕೆಳಗೇ ಇಡಿ.

ಅಪ್ಪ ಅಮ್ಮ ಬರುವುದೂ ಇದೇ ತಿಂಗಳುಗಳಲ್ಲಿ. ನೀವು ಕೆಲಸಕ್ಕೆ ಹೋದಾಗ ಅವರಿಬ್ಬರೇ ಮನೆಯಲ್ಲಿರುತ್ತಾರೆ. ಸೈರನ್ ಕೇಳಿ ಏನೆಂದು ನೋಡಲು ಬಾಗಿಲಿಗೆ ಬರುತ್ತಾರೆ. ಬಂದ ಮರುದಿನವೇ ಕೈಹಿಡಿದು ಕೆಳಗೆ ಕರೆದುಕೊಂಡು ಹೋಗಿ ಜಾಗ ತೋರಿಸಿ. ಸೈರನ್ ಸದ್ದನ್ನು ಫೋನಿನಲ್ಲಿ ಕೇಳಿಸಿ. ಪಕ್ಕದ ಮನೆಯವರಿಗೂ ಪರಿಚಯ ಮಾಡಿಸಿ. ಪರೀಕ್ಷೆಗೆಂದು ಸೈರನ್ ಊದುವ ದಿನ ಯಾವುದೆಂದು ಅವರೇ ಹೇಳುತ್ತಾರೆ.

ರಸ್ತೆ

ಹಳ್ಳಿ ರಸ್ತೆಗಳು ಮೈಲಿಗೊಂದರಂತೆ ಚೌಕಾಕಾರ. 1785ರ ಭೂಮಾಪನ ಕಾನೂನಿನ ಲೆಕ್ಕ ಅದು, ಒಂದು ಚೌಕಕ್ಕೆ 640 ಎಕರೆ. ದಾರಿಯನ್ನು ದಿಕ್ಕಿನಲ್ಲೇ ಹೇಳುತ್ತಾರೆ, ಕಲಿತುಕೊಳ್ಳಿ. ಜೂನ್‌ನಲ್ಲಿ ಗೋಧಿ ಕಟಾವು. ದೊಡ್ಡ ಯಂತ್ರಗಳು ರಸ್ತೆಯಲ್ಲಿ ನಿಧಾನಕ್ಕೆ ಹೋಗುತ್ತವೆ. ಹಾರ್ನ್ ಮಾಡಬೇಡಿ, ಎದುರು ಖಾಲಿಯಾದ ಮೇಲೆ ದಾಟಿ. ಚಾಲಕ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಿದರೆ ಅದು ನಮಸ್ಕಾರ. ನೀವೂ ಎತ್ತಿ.