ಒಂದೇ ಮನೆತನಕ್ಕೆ ಎರಡು ವಂಶವೃಕ್ಷ: ಮಧ್ಯಯುಗದ ಇಂಗ್ಲಿಷ್ ದಾಖಲೆಗಳನ್ನು ನಾನು ತೂಗಿ ನೋಡುವ ಬಗೆ

ವಂಶವೃಕ್ಷ ಬರೆಯುವುದು ನನಗೆ ಕೊನೆಯ ಕೆಲಸ. ಮೊದಲು ಭೂಮಿ. ಒಂದು ಮ್ಯಾನರ್ (ಒಬ್ಬ ಒಡೆಯನ ಜಮೀನ್ದಾರಿ) ಹಿಡಿದು ಅದು ಯಾರ ಕೈಯಿಂದ ಯಾರ ಕೈಗೆ, ಯಾವ ವರ್ಷ, ಯಾವ ಹಕ್ಕಿನಿಂದ ಹೋಯಿತು ಎಂದು ಪಟ್ಟಿ ಮಾಡುತ್ತೇನೆ. ಪ್ರತಿ ಸಾಲಿನ ಮುಂದೆ ಎರಡು ಕಾಲಂ: ಈ ಮಾತು ಹೇಳಿದವರು ಯಾರು, ಘಟನೆ ನಡೆದು ಎಷ್ಟು ವರ್ಷದ ಮೇಲೆ ಹೇಳಿದರು. ಐದು ಪುಸ್ತಕ ಒಂದೇ ಮಾತು ಹೇಳಿದರೂ, ಐದೂ ಒಬ್ಬನೇ ಹೆರಾಲ್ಡ್‌ನಿಂದ (ಮನೆತನಗಳ ಲಾಂಛನ, ವಂಶಾವಳಿ ನೋಡಿಕೊಳ್ಳುವ ಅಧಿಕಾರಿ) ಎತ್ತಿಕೊಂಡಿದ್ದರೆ ಅದು ಒಂದೇ ಸಾಕ್ಷಿ.

ಹೆರಾಲ್ಡ್‌ಗಳು 1530ರಿಂದ 1688ರವರೆಗೆ ಕೌಂಟಿ ಕೌಂಟಿ ತಿರುಗಿ ಬರೆದುಕೊಂಡ ವಂಶಾವಳಿಗಳಲ್ಲಿ ಹೇಳಿದವನ ಅಪ್ಪ, ಅಜ್ಜನವರೆಗೆ ನಂಬುತ್ತೇನೆ. ಅದಕ್ಕೂ ಹಿಂದಿನದಕ್ಕೆ ಬೇರೆ ಆಧಾರ ಬೇಕು. ರಾಜಕುಮಾರಿ ಡಯಾನಾ ಹುಟ್ಟಿದ ಸ್ಪೆನ್ಸರ್ ಮನೆತನ ಮೇಲೆ ಬಂದದ್ದು ಕುರಿ ಸಾಕಣೆಯಿಂದ. ಅದನ್ನು ಮಧ್ಯಯುಗದ ಡೆಸ್ಪೆನ್ಸರ್ ಪ್ರಭುಗಳಿಗೆ ಗಂಟು ಹಾಕಿದ್ದು ಹೆರಾಲ್ಡರ ಕೈಚಳಕ. 1901ರಲ್ಲಿ ವಂಶಾವಳಿ ಸಂಶೋಧಕ ಜೆ. ಎಚ್. ರೌಂಡ್ ಆ ಗಂಟು ಬಿಚ್ಚಿದರು. ಹಳೆಯ ವೃಕ್ಷ ಮಾತ್ರ ಇನ್ನೂ ನಕಲಾಗುತ್ತಲೇ ಇದೆ.

ಹೆಚ್ಚು ತೂಕ ನಾನು ಕೊಡುವುದು ಇನ್‌ಕ್ವಿಸಿಷನ್ ಪೋಸ್ಟ್ ಮಾರ್ಟಮ್‌ಗೆ. ದೊರೆಯಿಂದ ನೇರವಾಗಿ ಭೂಮಿ ಪಡೆದವನು ಸತ್ತಾಗ ಅವನ ಜಮೀನಿದ್ದ ಪ್ರತಿ ಕೌಂಟಿಯಲ್ಲೂ ಜ್ಯೂರಿ ಕೂಡಿಸಿ ನಡೆಸುತ್ತಿದ್ದ ವಿಚಾರಣೆ ಅದು; ಮೂಲ ಪ್ರತಿಗಳು ಲಂಡನ್‌ನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸಿ 132ರಿಂದ ಸಿ 142ರ ಸರಣಿಗಳಲ್ಲಿವೆ. ಇಲ್ಲೂ ಗೊಂದಲ ತಪ್ಪಿದ್ದಲ್ಲ. ಒಂದು ಕೌಂಟಿ ವಾರಸುದಾರನಿಗೆ 24 ಎಂದರೆ ಇನ್ನೊಂದು '30 ಮತ್ತು ಮೇಲ್ಪಟ್ಟು' ಎನ್ನುತ್ತದೆ. ಎರಡನೆಯದಕ್ಕೆ 'ಪ್ರಾಯಕ್ಕೆ ಬಂದವನು' ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಗಂಡು 21ರ ಒಳಗಿದ್ದರೆ ಕಥೆ ಬೇರೆ: ಅಪ್ರಾಪ್ತನ ಭೂಮಿ ದೊರೆಯ ವಶಕ್ಕೆ ಹೋಗುತ್ತಿತ್ತು, ವಯಸ್ಸಿಗೆ ದುಡ್ಡಿನ ಬೆಲೆ ಇತ್ತು, ಹಾಗಾಗಿ ಲೆಕ್ಕ ಬಿಗಿಯಾಗಿರುತ್ತದೆ. ಸತ್ತ ದಿನದಲ್ಲಿ ಭಿನ್ನವಿದ್ದರೆ ಅವನು ಬಾಳಿದ ಕೌಂಟಿಯ ಮಾತಿಗೆ ಮಣೆ. ವಿಚಾರಣೆಗೆ ಆದೇಶಿಸಿದ ರಿಟ್‌ನ ತಾರೀಖಿಗಿಂತ ಈಚಿನ ಮರಣದಿನ ಹೇಗೂ ತಪ್ಪು.

ತಾರೀಖಿನ ಜಗಳಗಳಲ್ಲಿ ಕೆಲವು ಜಗಳವೇ ಅಲ್ಲ. 3ನೇ ಎಡ್ವರ್ಡ್‌ನ ಆಳ್ವಿಕೆಯ 10ನೇ ವರ್ಷ ಎಂದರೆ 1336ರ ಜನವರಿ 25ರಿಂದ 1337ರ ಜನವರಿ 24. ಕ್ರಿಸ್ತಶಕ ಬರೆದ ಕಡೆ ಹೊಸವರ್ಷ ಮಾರ್ಚ್ 25ಕ್ಕೆ ಎಂದಿದ್ದರೆ, ಅಲ್ಲಿನ 1340ರ ಫೆಬ್ರವರಿ ನಮ್ಮ 1341.

ಒಬ್ಬನೇ ಮನುಷ್ಯನಿಗೆ ಇಬ್ಬರು ವಾರಸುದಾರರು ಕಂಡಾಗ ಒಬ್ಬರನ್ನು ಹೊಡೆದುಹಾಕುವ ತಪ್ಪು ಬಹಳ ಸಾಮಾನ್ಯ. ನಾನು ಆಗ ಮಲತಾಯಿಯನ್ನು ಹುಡುಕುತ್ತೇನೆ. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ (ಕಾಮನ್ ಲಾ), 1833ರ ತನಕವೂ, ಮಲ ಒಡಹುಟ್ಟಿಗೆ ವಾರಸು ಇರಲಿಲ್ಲ. ಮೊದಲ ಹೆಂಡತಿಗೆ ಒಬ್ಬ ಮಗ, ಒಬ್ಬ ಮಗಳು. ಎರಡನೆಯವಳಿಗೆ ಒಬ್ಬ ಮಗ ಎನ್ನಿ. ಹಿರಿಯ ಮಗ ಆಸ್ತಿಗೆ ಬಂದು ಮಕ್ಕಳಿಲ್ಲದೆ ಸತ್ತರೆ, ನಿರ್ಬಂಧವಿಲ್ಲದ ಭೂಮಿ ಒಡಹುಟ್ಟಿದ ತಂಗಿಗೆ. ತಂದೆಯ ಗಂಡುಸಂತಾನಕ್ಕೆಂದು ಎಂಟೇಲ್ ಮಾಡಿದ (ಇಂಥ ಸಂತತಿಗೇ ಸೇರಬೇಕೆಂದು ಪತ್ರದಲ್ಲಿ ಕಟ್ಟಿಹಾಕಿದ) ಮ್ಯಾನರ್ ಮಲತಮ್ಮನಿಗೆ. ಎರಡೂ ದಾಖಲೆ ನಿಜ, ಜೊತೆಗೆ ಮದುವೆ ಎರಡು ಎಂಬುದಕ್ಕೆ ಪುರಾವೆಯೂ ಸಿಕ್ಕಂತಾಯಿತು. ಎಂಟೇಲ್ ಪತ್ರವನ್ನು ಹುಡುಕಬೇಕಾದದ್ದು ಫೀಟ್ ಆಫ್ ಫೈನ್ಸ್‌ನಲ್ಲಿ (ಭೂಮಿಯ ಬಗ್ಗೆ ನ್ಯಾಯಾಲಯದಲ್ಲಿ ಆದ ಒಪ್ಪಂದಗಳ ಪ್ರತಿಗಳು), ಅದೇ ಆರ್ಕೈವ್ಸ್‌ನ ಸಿಪಿ 25/1 ಸರಣಿ. 1195ರಿಂದ ಒಪ್ಪಂದದ ಮೂರನೇ ಪ್ರತಿಯನ್ನು ಸರ್ಕಾರವೇ ಇಟ್ಟುಕೊಳ್ಳುತ್ತಿತ್ತು.

ಈ ದಾಖಲೆಗಳ ಲ್ಯಾಟಿನ್‌ನಲ್ಲಿ ಬರುವ 'ನೆಪೋಸ್' ಮೊಮ್ಮಗನೂ ಹೌದು, ಅಣ್ಣತಮ್ಮಂದಿರ ಅಥವಾ ಅಕ್ಕತಂಗಿಯರ ಮಗನೂ ಹೌದು. ಅನುವಾದದಲ್ಲಿ ಯಾವುದೋ ಒಂದನ್ನು ಆರಿಸಿರುತ್ತಾರೆ. ಅಲ್ಲಿ ಮೂಲದ ಚಿತ್ರವನ್ನೇ ತರಿಸಿಕೊಳ್ಳಿ. ಅದರಿಂದಲೂ ತೀರದಿದ್ದರೆ ನನ್ನ ಪಟ್ಟಿಯಲ್ಲಿ ಆ ಗೆರೆ ಚುಕ್ಕಿಚುಕ್ಕಿಯಾಗಿಯೇ ಉಳಿಯುತ್ತದೆ.