ಆಟಕ್ಕೂ ಪಾಠಕ್ಕೂ ಒಂದೇ ವೇಳಾಪಟ್ಟಿ: ಹಳ್ಳಿ ಶಾಲೆಯಲ್ಲಿ ಆರಂಭಿಸುವುದು ಹೇಗೆ?

ಪಠ್ಯ ಮುಗಿದಿಲ್ಲವೆಂದರೆ ಮೊದಲು ಕತ್ತರಿ ಬೀಳುವುದು ದೈಹಿಕ ಶಿಕ್ಷಣದ ಅವಧಿಗೆ. ವಲಯ ಮಟ್ಟದ ಕ್ರೀಡಾಕೂಟ ಬಂತೆಂದರೆ ಎಲ್ಲ ತಿರುಗುಮುರುಗು: ತಂಡದ ಹತ್ತು ಹನ್ನೆರಡು ಮಕ್ಕಳು ವಾರಗಟ್ಟಲೆ ತರಗತಿಯಿಂದ ಹೊರಗೆ, ಉಳಿದವರಿಗೆ ಚಪ್ಪಾಳೆ ತಟ್ಟುವ ಕೆಲಸ. ಇವೆರಡೂ ಆಗದಂತೆ, ಇಡೀ ತರಗತಿ ವರ್ಷವಿಡೀ ಆಡುತ್ತ ಓದುವ ವ್ಯವಸ್ಥೆಯನ್ನು ಸಾಮಾನ್ಯ ಸರ್ಕಾರಿ ಶಾಲೆಯಲ್ಲೂ ಕಟ್ಟಬಹುದು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಭಾಗದ ಪ್ರೌಢಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಕ್ರಮವನ್ನು ಹೇಳುತ್ತೇನೆ.

ಮೊದಲು ನೆಲ ನೋಡಿ

ಎರೆಮಣ್ಣಿನ ಮೈದಾನ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ. ಬಿರುಕಿನಲ್ಲಿ ಪಾದ ಸಿಕ್ಕಿ ಕಾಲು ಉಳುಕಿದರೆ ಆ ಮಗುವನ್ನು ಮನೆಯವರು ಮತ್ತೆ ಆಟಕ್ಕೆ ಕಳುಹಿಸುವುದಿಲ್ಲ. ಹಾಗೆಂದು ಇಡೀ ಮೈದಾನ ಸರಿಪಡಿಸಲು ಹೋಗಬೇಡಿ. ಒಂದು ಕಬಡ್ಡಿ ಅಂಕಣದಷ್ಟು ಜಾಗಕ್ಕೆ ಗರಸು (ಕಲ್ಲುಮಿಶ್ರಿತ ಮಣ್ಣು) ಹಾಕಿ, ನೀರು ಹೊಡೆದು, ರೋಲರ್ ಆಡಿಸಿ, ಮೇಲೆ ಜರಡಿ ಹಿಡಿದ ಕೆಂಪು ಮಣ್ಣು ಹರಡಿದರೆ ಆರಂಭಕ್ಕೆ ಸಾಕು. ಟ್ರ್ಯಾಕ್ಟರ್ ಇರುವ ಪಾಲಕರು ಪ್ರತಿ ಊರಿನಲ್ಲೂ ಇದ್ದಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಸಭೆಯಲ್ಲಿ ದುಡ್ಡು ಕೇಳುವ ಬದಲು ನಾಲ್ಕು ಟ್ರಿಪ್ ಮಣ್ಣು ಕೇಳಿ, ಬೇಗ ಬರುತ್ತದೆ.

ಆಟ ಎರಡೇ ಇರಲಿ. ಕಬಡ್ಡಿ, ಕೊಕ್ಕೊಗೆ ಖರ್ಚಿಲ್ಲ. ಗರಡಿಮನೆ ಇರುವ ಊರಾದರೆ ಕುಸ್ತಿಯನ್ನೂ ಸೇರಿಸಬಹುದು. ಆದರೆ ಉಸ್ತಾದರು ಶಾಲೆಯ ವೇಳೆಗೆ ಬರಲು ಒಪ್ಪಿದ ಮೇಲೆ ಮಾತ್ರ. ಸೈಕ್ಲಿಂಗ್ ಈ ಭಾಗದ ಹೆಮ್ಮೆ, ನಿಜ. ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡುವ ರಸ್ತೆಗೆ ಮಕ್ಕಳನ್ನು ಬಿಡುವ ಧೈರ್ಯ ನನಗಂತೂ ಇಲ್ಲ. ಅದನ್ನು ತರಬೇತುದಾರರಿರುವ ಕ್ರೀಡಾ ನಿಲಯಗಳಿಗೇ ಬಿಡಿ.

ಗಣಿತದ ಶಿಕ್ಷಕರನ್ನು ಮೈದಾನಕ್ಕೆ ಕರೆಯಿರಿ

ಅಂಕಣ ಹಾಕುವ ಕೆಲಸ ಮಕ್ಕಳದೇ ಆಗಲಿ. ಹುಡುಗಿಯರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಕಣ್ಣಳತೆಯಲ್ಲಿ ಎಳೆದರೆ ಮೂಲೆ ಸೊಟ್ಟಗಾಗುತ್ತದೆ. ಮೂಲೆಯಲ್ಲಿ ಒಂದು ಗೂಟ ಹೊಡೆಯಿರಿ. ಅಲ್ಲಿಂದ ಒಂದು ಬದಿಗೆ 3 ಮೀಟರ್, ಇನ್ನೊಂದು ಬದಿಗೆ 4 ಮೀಟರ್ ಅಳೆದು ಹಗ್ಗಕ್ಕೆ ಗುರುತು ಕಟ್ಟಿ. ಆ ಎರಡು ಗುರುತುಗಳ ನಡುವಿನ ಅಂತರ ಸರಿಯಾಗಿ 5 ಮೀಟರ್ ಬರುವವರೆಗೆ ಒಂದು ಹಗ್ಗವನ್ನು ಸರಿಸುತ್ತ ಹೋಗಲಿ. ಐದು ಬಂದರೆ ಅದು ಲಂಬಕೋನ. ನಾಲ್ಕೂ ಮೂಲೆ ಮುಗಿದ ಮೇಲೆ ಕರ್ಣಗಳನ್ನು ಅಳೆಸಿ. ಎರಡೂ ಸುಮಾರು 14 ಮೀಟರ್ 42 ಸೆಂಟಿಮೀಟರ್ ಇರಬೇಕು. ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಎಲ್ಲಿ ತಪ್ಪಿತೆಂದು ಅವರೇ ಜಗಳವಾಡಿಕೊಂಡು ಹುಡುಕುತ್ತಾರೆ, ಹುಡುಕಲಿ. ಪೈಥಾಗೊರಸ್ ಪ್ರಮೇಯಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಗೆರೆಗೆ ಸುಣ್ಣ ಬೇಡ, ಬಿದ್ದವರ ಕಣ್ಣಿಗೆ ಹೋದರೆ ಸುಡುತ್ತದೆ. ರಂಗೋಲಿ ಪುಡಿ ಬಳಸಿ.

ಓಟದ ಸಮಯ, ನಾಡಿಬಡಿತಗಳನ್ನು ಬರೆದಿಟ್ಟರೆ ಸರಾಸರಿಗೂ ನಕ್ಷೆಗೂ ವರ್ಷವಿಡೀ ಲೆಕ್ಕಗಳು ಸಿಗುತ್ತವೆ.

ವಿಸಿಲ್ ಮಕ್ಕಳ ಕೈಗೆ

ಪ್ರಾಮಾಣಿಕತೆಯ ಮೇಲೆ ಭಾಷಣ ಬೇಡ. ಅಂಪೈರ್, ಅಂಕ ಬರೆಯುವವರು, ಗಡಿಯಾರ ನೋಡುವವರು ಎಲ್ಲರೂ ಸರದಿಯ ಪ್ರಕಾರ ಮಕ್ಕಳೇ ಆಗಲಿ. ಕಬಡ್ಡಿಯಲ್ಲಿ ಒಂದು ದಾಳಿಗೆ 30 ಸೆಕೆಂಡು. ಜೀವದ ಗೆಳೆಯ ಇನ್ನೂ ಎದುರಾಳಿ ಅಂಕಣದಲ್ಲಿರುವಾಗ ಸಮಯ ಮುಗಿಯಿತೆಂದು ವಿಸಿಲ್ ಊದಬೇಕಾದ ಹುಡುಗನ ಮುಖ ನೋಡಿ, ಪಾಠ ಅಲ್ಲಿ ನಡೆಯುತ್ತಿರುತ್ತದೆ. ಅಂಪೈರ್‌ಗೆ ಕಾಣದ ಸ್ಪರ್ಶವನ್ನು ತಾನೇ ಒಪ್ಪಿ ಹೊರನಡೆದವರ ಹೆಸರನ್ನು ಮರುದಿನ ಪ್ರಾರ್ಥನೆಯ ವೇಳೆ ಗೆದ್ದವರ ಹೆಸರಿನ ಜೊತೆಗೇ ಓದಿ.

ತಂಡಗಳನ್ನು ಚೀಟಿ ಎತ್ತಿ ಮಾಡಿ. ಓಣಿವಾರು ತಂಡ ಖಂಡಿತ ಬೇಡ. ಓಣಿ ಎಂದರೆ ಏನೆಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು. ಕುಡಿಯುವ ನೀರಿನ ಕೊಡ ತುಂಬಿಡುವ ಸರದಿಯಲ್ಲೂ ಎಲ್ಲರ ಹೆಸರಿರಲಿ.

‘ಅಂಕ ಕಡಿಮೆ ಬಂತು, ಆಟ ಬಂದ್’ ಎಂಬ ಶಿಕ್ಷೆಯನ್ನು ನಾನು ಒಪ್ಪುವುದಿಲ್ಲ. ಶಾಲೆಗೆ ಬರಲು ಆ ಮಗುವಿಗೆ ಇದ್ದ ಒಂದೇ ಕಾರಣ ಆಟವಾಗಿರಬಹುದು. ಅಭ್ಯಾಸ ಮುಗಿದ ಮೇಲೆ ಅರ್ಧ ಗಂಟೆ ಜೋಡಿಯಾಗಿ ಓದಲು ಕೂರಿಸಿ, ಚೆನ್ನಾಗಿ ಓದುವವರ ಪಕ್ಕ ಚೆನ್ನಾಗಿ ಆಡುವವರನ್ನು.

ಹೊತ್ತು, ಹೊಟ್ಟೆ, ಹಂಗಾಮು

ವಾರಕ್ಕೆ ಮೂರು ದಿನ, ಬೆಳಿಗ್ಗೆ ಮುಕ್ಕಾಲು ಗಂಟೆ ಸಾಕು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಸೀಮೆ ಇದು, ಎಂಟರೊಳಗೆ ಮುಗಿಸಿ. ಹಸಿದ ಹೊಟ್ಟೆಯಲ್ಲಿ ಓಡಿಸಬೇಡಿ. ಹಿಡಿ ಶೇಂಗಾ, ಒಂದು ತುಂಡು ಬೆಲ್ಲ ತಿಂದಾದರೂ ಬರಲಿ. ಕಬ್ಬು ಕಡಿಯುವ ಹಂಗಾಮಿನಲ್ಲಿ, ಮನೆಯವರು ಗುಳೆ ಹೋದಾಗ ಕೆಲವರು ಬರುವುದಿಲ್ಲ. ಅವರ ಹೆಸರು ಹೊಡೆದುಹಾಕಬೇಡಿ.

ಎಂಟನೇ ತರಗತಿಗೆ ಬಂದ ಹುಡುಗಿಯರನ್ನು ಮನೆಯವರು ಆಟ ಬಿಡಿಸುವುದು ಹೆಚ್ಚು. ತಾಯಂದಿರನ್ನೇ ಕರೆದು ಮಾತನಾಡಿ. ಟ್ರ್ಯಾಕ್ ಪ್ಯಾಂಟ್, ಬಟ್ಟೆ ಬದಲಿಸಲು ಬಾಗಿಲು ಭದ್ರವಿರುವ ಕೋಣೆ, ಮುಟ್ಟಿನ ದಿನ ವಿಶ್ರಾಂತಿ ಕೇಳಿದರೆ ಪ್ರಶ್ನಿಸದಿರುವುದು, ಇಷ್ಟಕ್ಕೆ ಶಾಲೆ ಮಾತು ಕೊಡಬೇಕು. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಕಿತ್ತದ್ದನ್ನೂ, ಬೆಳಗಾವಿ ತಾಲ್ಲೂಕಿನ ತುರಮುರಿಯ ಮಲಪ್ರಭಾ ಜಾಧವ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಮಧ್ಯ ಏಷ್ಯಾದ ಕುಸ್ತಿಯಲ್ಲಿ ಕಂಚು ಗೆದ್ದದ್ದನ್ನೂ ಹೇಳಿ. ಆದರೆ ಕೋಣೆಯ ಚಿಲಕ ಸರಿಯಿದೆಯೇ ಎಂಬುದೇ ತಾಯಂದಿರಿಗೆ ಮುಖ್ಯ.

ಮುಂದೆ ಎಲ್ಲಿಗೆ?

ನಿಜಕ್ಕೂ ಮಿಂಚುವ ಮಕ್ಕಳಿಗೆ ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆ ಇದೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳಿವೆ. ಆಯ್ಕೆಯ ವಿವರವನ್ನು ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಬಹುದು. ವಿಜಯಪುರದ ಸೈನಿಕ ಶಾಲೆಗೆ ಆರನೇ ಮತ್ತು ಒಂಬತ್ತನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಯುತ್ತದೆ. ಎಲ್ಲಿಗೇ ಕಳುಹಿಸಿದರೂ ಪಾಲಕರು ಮೂರು ಪ್ರಶ್ನೆ ಕೇಳಿಯೇ ಸಹಿ ಹಾಕಲಿ: ಸಂಜೆಯ ಓದಿಗೆ ಜೊತೆಗಿರುವವರು ಯಾರು? ಪಂದ್ಯಗಳಿಗೆ ಹೋದಾಗ ತಪ್ಪಿದ ಪಾಠವನ್ನು ಯಾವಾಗ ತುಂಬಿಸುತ್ತಾರೆ? ಗಾಯವಾಗಿ ಒಂದು ವರ್ಷ ಆಡಲಾಗದಿದ್ದರೆ ಮಗುವನ್ನು ಅಲ್ಲೇ ಇಟ್ಟುಕೊಂಡು ಓದಿಸುತ್ತಾರೋ, ಮನೆಗೆ ಕಳುಹಿಸುತ್ತಾರೋ?