ಸಹಿ ಹಾಕುವ ಮುನ್ನ: ಕಥೆ ಕಳುಹಿಸುವವರು ಕರಾರಿನಲ್ಲಿ ಏನನ್ನು ಓದಬೇಕು

ಕಥೆಯನ್ನು ಸ್ಪರ್ಧೆಗೋ, ಪ್ರಕಾಶಕರಿಗೋ, ಆಡಿಯೊ ಆ್ಯಪ್‌ಗೋ ಕಳುಹಿಸುವಾಗ ನಾವು ಸಾಮಾನ್ಯವಾಗಿ ಮೊತ್ತವನ್ನೂ ಕೊನೆಯ ದಿನಾಂಕವನ್ನೂ ನೋಡಿ ಸುಮ್ಮನಾಗುತ್ತೇವೆ. ಹಕ್ಕಿನ ವಾಕ್ಯ ಕೆಳಗೆಲ್ಲೋ ಸಣ್ಣಕ್ಷರದಲ್ಲಿರುತ್ತದೆ. ಓದು ಅಲ್ಲಿಂದಲೇ ಶುರುವಾಗಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರಿಯ ಭಾಗವಾಗಿ ಬರೆದದ್ದನ್ನು ಬಿಟ್ಟರೆ ಕೃತಿಯ ಮೊದಲ ಒಡೆಯರು ಸಾಮಾನ್ಯವಾಗಿ ಬರೆದವರೇ. ಅದಕ್ಕೆ ನೋಂದಣಿಯೂ ಬೇಕಿಲ್ಲ. ಆ ಹಕ್ಕು ಲೇಖಕರ ಜೀವಿತಾವಧಿಗೂ ಆಮೇಲಿನ 60 ವರ್ಷಗಳಿಗೂ ಇರುವುದರಿಂದ, ಒಂದು ಸಹಿಯಲ್ಲಿ ಬಿಟ್ಟುಕೊಡುವುದು ಮೊಮ್ಮಕ್ಕಳ ಕಾಲದವರೆಗೆ ಬರುವ ಆಸ್ತಿ.

ಕರಾರು ಕೇಳುತ್ತಿರುವುದು ‘ಹಕ್ಕು ವರ್ಗಾವಣೆ’ಯನ್ನೋ ‘ಪ್ರಕಟಣೆಗೆ ಅನುಮತಿ’ಯನ್ನೋ ನೋಡಿ. ಮೊದಲನೆಯದು ಮನೆಯ ಕ್ರಯಪತ್ರವಿದ್ದಂತೆ, ಎರಡನೆಯದು ಬಾಡಿಗೆ ಕರಾರು. ಕೆಲವು ವರ್ಷಗಳ ಹಿಂದೆ ಒಂದು ಕಥೆಯನ್ನು ಧ್ವನಿರೂಪಕ್ಕೆಂದು ಕೊಟ್ಟಾಗ, ಎರಡನೇ ಪುಟದ ‘ಎಲ್ಲ ರೂಪಗಳಲ್ಲಿ, ಎಲ್ಲ ಭಾಷೆಗಳಲ್ಲಿ’ ಎಂಬ ಸಾಲನ್ನು ಓದಿಯೂ ನಾನು ಸಹಿ ಹಾಕಿದೆ. ಮುಂದೆ ಅದೇ ಕಥೆಯನ್ನು ನನ್ನ ಸಂಕಲನಕ್ಕೆ ಸೇರಿಸಲು ಅವರ ಒಪ್ಪಿಗೆ ಕೇಳಬೇಕಾಯಿತು. ಮೂರು ಪತ್ರಗಳಿಗೂ ಉತ್ತರ ಬರಲಿಲ್ಲ. ಸಂಕಲನ ಆ ಕಥೆಯಿಲ್ಲದೆ ಅಚ್ಚಾಯಿತು.

ಇಂಥ ಕಡೆ ಲೇಖಕರ ಬೆನ್ನಿಗಿರುವುದು ಕಾಯ್ದೆಯ 19ನೇ ಕಲಂ. ವರ್ಗಾವಣೆ ಲಿಖಿತವಾಗಿದ್ದು ಕೊಡುವವರ ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಸಂಭಾವನೆ ಎಂಬುದು ಅದರಲ್ಲಿರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಆ ಹಕ್ಕಿನ ವರ್ಗಾವಣೆ ರದ್ದಾದಂತೆಯೇ; ಇದನ್ನು ಹೇಳುವುದು ಕಲಂ 19(4). ‘ಶಾಶ್ವತವಾಗಿ’, ‘ವಿಶ್ವದಾದ್ಯಂತ’, ‘ಕಲಂ 19(4) ಅನ್ವಯಿಸುವುದಿಲ್ಲ’ ಎಂಬ ಸಾಲುಗಳು ಬರುವುದು ಈ ಮೂರೂ ರಕ್ಷಣೆಗಳನ್ನು ಒಂದೊಂದಾಗಿ ತೆಗೆದುಹಾಕಲಿಕ್ಕೆ. ಅವುಗಳಿಗೆ ಗೆರೆ ಎಳೆದು, ಏಕೆ ಬೇಕೆಂದು ಕೇಳಿ.

ಸ್ಪರ್ಧೆಗಳಲ್ಲಿ ‘ಬಂದ ಎಲ್ಲ ಕಥೆಗಳ ಹಕ್ಕು ಸಂಘಟಕರದ್ದು’ ಎಂದಿದ್ದರೆ, ಆ ‘ಎಲ್ಲ’ದೊಳಗೆ ಬಹುಮಾನ ಬಾರದ ಕಥೆಯೂ ಸೇರಿದೆ. ನನ್ನ ಅಭಿಪ್ರಾಯದಲ್ಲಿ ಅಂಥ ಷರತ್ತು ಅನ್ಯಾಯ. ಅದು ಬದಲಾಗದಿದ್ದರೆ ಹೊಸ ಕಥೆಯನ್ನು ಅಲ್ಲಿಗೆ ಕಳುಹಿಸಬೇಡಿ.

ಸಿನಿಮಾ, ವೆಬ್ ಸರಣಿಯವರು ಮೊದಲೇ ಸಹಿ ಹಾಕಿಸುವ ಪತ್ರದಲ್ಲಿ ‘ಇದೇ ಬಗೆಯ ಕಥೆ ನಮ್ಮಲ್ಲಿ ಈಗಾಗಲೇ ಇರಬಹುದು, ಅದರ ಬಗ್ಗೆ ತಕರಾರು ಎತ್ತುವಂತಿಲ್ಲ’ ಎಂಬರ್ಥದ ಮಾತಿರುತ್ತದೆ. ಬರಿಯ ಎಳೆಗೆ ಕೃತಿಸ್ವಾಮ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 1978ರಲ್ಲೇ, ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಎಳೆಯನ್ನು ಬಾಯಲ್ಲಿ ಹೇಳಿ ಬರುವ ಬದಲು ದೃಶ್ಯ, ಪಾತ್ರ, ಸಂಭಾಷಣೆಗಳಿರುವ ಪೂರ್ಣ ಬರಹವನ್ನು ಇಮೇಲ್‌ನಲ್ಲಿ ಕಳುಹಿಸಿ. ದಿನಾಂಕ ಅಲ್ಲಿಯೇ ದಾಖಲಾಗುತ್ತದೆ.

ಹೆಸರಿನ ವಿಷಯ ಬೇರೆ. ಹಕ್ಕನ್ನು ಪೂರ್ತಿ ಮಾರಿದ ಮೇಲೂ ಕೃತಿ ತನ್ನದೆಂದು ಹೇಳುವ, ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ತಿರುಚುವುದನ್ನು ತಡೆಯುವ ಅಧಿಕಾರವನ್ನು 57ನೇ ಕಲಂ ಲೇಖಕರಲ್ಲೇ ಉಳಿಸುತ್ತದೆ.

ತಿದ್ದುಪಡಿ ಕೇಳಲು ವಕೀಲರ ಭಾಷೆ ಬೇಕಿಲ್ಲ. ‘ಈ ಕಥೆಯನ್ನು ಕನ್ನಡದಲ್ಲಿ, ಧ್ವನಿರೂಪದಲ್ಲಿ ಮಾತ್ರ, 3 ವರ್ಷ ಬಳಸಲು ಅನುಮತಿ ಕೊಡುತ್ತೇನೆ; ಉಳಿದೆಲ್ಲ ಹಕ್ಕುಗಳು ನನ್ನಲ್ಲೇ ಇರುತ್ತವೆ’ ಎಂದು ಬರೆದು ಕಳುಹಿಸಿ. ಒಪ್ಪಿದರೆ ಅದನ್ನು ಕರಾರಿನೊಳಗೇ ಸೇರಿಸಲು ಹೇಳಿ, ಇಬ್ಬರ ಸಹಿಯೂ ಇರುವ ಪ್ರತಿ ಕೈಗೆ ಬಂದ ಮೇಲೆ ಅಂತಿಮ ಹಸ್ತಪ್ರತಿ ಕೊಡಿ.